ಗುಡ್ಡದ ತುಂಬ ಪಾಂಡವರು

ಸೀಗಿ ಹುಣ್ಣಿಮೆಯ ಮಧ್ಯಾಹ್ನ ಸರ್ವೇ ಸಾಹೇಬರು ಗುಡ್ಡ ಹತ್ತಿ ಬಂದು ನೋಡಿದರೆ, ಅವರು ನೆಟ್ಟಿದ್ದ ಗುರುತಿನ ಕಲ್ಲುಗಳೇ ಇರಲಿಲ್ಲ.

ಎಂಬತ್ತರ ದಶಕದ ಮಾತು. ಮಿಶ್ರಿಕೋಟಿಯ ಆಚೆ ನಮ್ಮೂರು, ನಾನಾಗ ಪಿಯುಸಿ.

ಊರ ಹಿಂದಿನ ಹುಲ್ಲುಗುಡ್ಡವನ್ನು ಹಸನು ಮಾಡಿ ನೀಲಗಿರಿ ನೆಡಲು ಸರಕಾರದವರು ಕಂಪನಿಯೊಂದಕ್ಕೆ ಕೊಡುವವರಿದ್ದರು. ಕಾಗದದಲ್ಲಿ ಅದು ಪಾಳು ಜಮೀನು. ಅಲ್ಲಿ ಚಿಗರಿ ಜಿಂಕೆಗಳಿದ್ದವು, ನವಿಲುಗಳಿದ್ದವು... ಮನುಷ್ಯ ಮನೆ ಕಟ್ಟದ್ದೆಲ್ಲ ಪಾಳು ಎಂದು ಅರ್ಥವಿರಬೇಕು.

ಮಹಿಳಾ ಮಂಡಳದವರು ತಾಲೂಕು ಕಚೇರಿಗೆ ಎಡತಾಕಿದ್ದೇ ಬಂತು. ಅಳತೆ ಮುಗಿದರೆ ಗುಡ್ಡ ಹೋದಂತೆ ಎಂದು ಎಲ್ಲರಿಗೂ ಗೊತ್ತಿತ್ತು.

ಸೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ಆ ವರ್ಷ ಪೂಜೆ ಗುಡ್ಡದ ಮೇಲೇ ಆಗಲಿ ಎಂದಳು, ಮಂಡಳದ ಮುಂದಾಳು, ನನ್ನ ಚಿಕ್ಕಮ್ಮ ನೀಲವ್ವ ಚಿಗವ್ವ.

ಎಲ್ಲರೂ ಬುತ್ತಿ ಹೊತ್ತು ಹೊರಟೆವು. ಮನೆಗೊಂದು ಪೂಜೆ, ಪೂಜೆಗೆ ಐದು ಕಲ್ಲು.

ಸರ್ವೇದವರ ಕಲ್ಲುಗಳಿಗೆ ಸುಣ್ಣ ಬಳಿದೇ ಇತ್ತು.

ಸಾಹೇಬರು ನಿಂತಿದ್ದಾರೆ. ಹುಲ್ಲಿನ ನಡುವೆ ಎತ್ತ ನೋಡಿದರೂ ಅರಿಸಿನ ಕುಂಕುಮ ಹಚ್ಚಿಕೊಂಡ ಪಾಂಡವರು.

“ನಮ್ಮ ಕಲ್ಲು ಯಾಕ ಕಿತ್ತೀರಿ?”

“ನಿಮ್ಮವೇನ್ರಿ ಸಾಹೇಬ್ರ? ಯಾರೋ ಪುಣ್ಯಾತ್ಮರು ಹಬ್ಬಕ್ಕಂತ ಸುಣ್ಣಾ ಹಚ್ಚಿ ಇಟ್ಟಾರ ಅನ್ಕೊಂಡ್ವಿ,” ಎಂದಳು ಚಿಗವ್ವ.

ಸಾಹೇಬರು ಅಳತೆಯ ಸರಪಳಿ ಹಿಡಿಯುವ ಬಸಪ್ಪನಿಗೆ ಕಲ್ಲು ಎತ್ತಲು ಹೇಳಿದರು. ಅವನು ಚಪ್ಪಲಿ ಬಿಟ್ಟು ಕೈಮುಗಿದ.

“ಒಲ್ಲೆರಿ ಸಾಹೇಬ್ರ. ಇದರಾಗ ಭೀಮ ಯಾರಂತ ಗೊತ್ತಾಗವಲ್ದು. ಸಿಟ್ಟಿಗೆದ್ದರ ನೀವು ಬಿಡಸ್ತೀರೇನ್ರಿ?”

ಹೆಂಗಸರ ನಗು ಗುಡ್ಡ ಇಳಿದು ಹೋಯಿತು. ಹುಲ್ಲಿನಿಂದ ಚಿಗರಿಗಳು ನೆಗೆದು ಓಡಿದವು. ಸಾಹೇಬರು ಅವು ಕಾಣದಾಗುವವರೆಗೂ ನೋಡಿದರು... ಆಮೇಲೆ ಊಟಕ್ಕೆ ಕೂತರು.

ಅಳತೆ ಮುಂದಕ್ಕೆ ಬಿತ್ತು. ಆ ಬಿಡುವಿನಲ್ಲಿ ಮಂಡಳದವರು ಸುತ್ತಲಿನ ಊರುಗಳ ಹೆಂಗಸರನ್ನೆಲ್ಲ ಕೂಡಿಸಿದರು. ಮತ್ತೆ ಅಳೆಯಲು ಬಂದವರಿಗೆ ಸರಪಳಿ ಹಾಸಲು ಜಾಗ ಸಿಗಲಿಲ್ಲ, ಅಷ್ಟು ಜನ ಕೂತಿದ್ದರು. ಕೊನೆಗೆ ಕಂಪನಿಯೇ ಕೈಬಿಟ್ಟಿತು.

ಆ ಕಲ್ಲು ಯಾರವೆಂದು ನಿನಗೆ ನಿಜವಾಗಿಯೂ ಗೊತ್ತಿರಲಿಲ್ಲವೇ ಎಂದು ಒಮ್ಮೆ ಚಿಗವ್ವನನ್ನು ಕೇಳಿದೆ.

“ಇನ್ನೊಂದು ಹೋಳಿಗಿ ಹಾಕ್ಲೇನ?” ಎಂದಳು.

ಗುಡ್ಡದಲ್ಲಿ ಈಗಲೂ ಸೊಂಟದೆತ್ತರ ಹುಲ್ಲು ಬೆಳೆಯುತ್ತದೆ. ನಾನು ಮತ್ತೆ ಕೇಳಲಿಲ್ಲ, ನೀವಾಗಿದ್ದರೆ ಕೇಳುತ್ತಿದ್ದಿರಾ?