ಒಂದೇ ಕೈಯ ಆಶೀರ್ವಾದ

ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ಡಾಕ್ಟರ್ ಅಂಕಲ್, ಯಾರಾದರೂ ಕಾಲಿಗೆ ಬಿದ್ದರೆ ತಲೆಯ ಮೇಲೆ ಒಂದೇ ಕೈ ಇಡುತ್ತಿದ್ದರು. ಎಡಗೈ ಬೆನ್ನ ಹಿಂದೆ ಹೋಗಿಬಿಡುತ್ತಿತ್ತು. ಅಲ್ಲಿ ಚಾಕೊಲೇಟ್ ಬಚ್ಚಿಟ್ಟಿದ್ದಾರೆಂದು ನನ್ನ ಮಗಳು ಹಿಂದೆ ಹೋಗಿ ಹುಡುಕಿದ್ದುಂಟು.

“ಏನಂಕಲ್, ಆಶೀರ್ವಾದದಲ್ಲೂ ಉಳಿತಾಯಾನಾ?” ಎಂದು ಒಮ್ಮೆ ಕೆಣಕಿದೆ.

ಅವರು ಧಾರವಾಡದ ಮಿಷನ್ ಶಾಲೆಯಲ್ಲಿ ಓದಿದವರು. ಅಲ್ಲಿ ಕೇಳಿದ ಹಳೇ ಇಸ್ರೇಲಿನ ಆಚರಣೆಯೊಂದು ಅವರನ್ನು ಬಿಟ್ಟಿರಲೇ ಇಲ್ಲ. “ವರ್ಷಕ್ಕೊಮ್ಮೆ ಎರಡು ಹೋತ ತರ್ತಿದ್ರಪಾ. ಒಂದನ್ನ ದೇವರಿಗೆ ಬಲಿ ಕೊಡೋರು. ಇನ್ನೊಂದರ ತಲಿ ಮ್ಯಾಲೆ ಪೂಜಾರಿ ಎರಡೂ ಕೈ ಇಟ್ಟು, ಮಂದಿ ಪಾಪ ಎಲ್ಲಾ ಹೇಳಿ, ಮರಳುಗಾಡಿಗೆ ಅಟ್ಟಾಂವ. ಪಾಪ ತೊಳದ್ರ ಸಾಲದು, ಮತ್ತ ಕಣ್ಣಿಗೆ ಬೀಳದಂಗ ದೂರ ಹೋಗಬೇಕು. ಎರಡೂ ಕೈ ಇಟ್ರ ಭಾರ ದಾಟ್ತದ. ನನ್ನ ಭಾರ ನಿನಗ್ಯಾಕ?”

“ಆ ಹೋತ ಏನಾಯ್ತು?”

“ಅದನ್ನ ಯಾರೂ ಕೇಳಿಲ್ಲ ನೋಡು,” ಎಂದು ಚಹಾ ಹೀರಿದರು.

ಆಂಟಿ ತೀರಿಕೊಂಡ ಮೇಲೆ ಆ ದೊಡ್ಡ ಮನೆಯಲ್ಲಿ ಅವರೊಬ್ಬರೇ. ಕನ್ನಡ ಕೂಟವೇ ಅವರ ಬಳಗ. ಊಟದ ಉಸ್ತುವಾರಿ ಯಾವಾಗಲೂ ಅವರದೇ, ಹಿಂದಿನ ದಿನ ಎಲ್ಲರಿಗೂ ಫೋನ್ ಮಾಡಿ “ಹಸ್ಕೊಂಡು ಬರ್ರಿ ಮತ್ತ” ಎನ್ನುವುದೂ ಅವರೇ.

ಆ ವರ್ಷ ಪಕ್ಕದ ಸ್ಟಾಫರ್ಡಿನ ಸಭಾಂಗಣದಲ್ಲಿ ಕೂಟದ ರಾಮನವಮಿ. ಕೋಸಂಬರಿಗೆ ಹಸಿ ಕೊಬ್ಬರಿಯನ್ನು ಬಡಿಸುವ ಮುಂಚೆ ಹಾಕಿ ಎಂದು ಅಂಕಲ್ ಬಡಕೊಂಡರೂ, ಆಮೇಲೆ ಪುರುಸೊತ್ತಿರುವುದಿಲ್ಲವೆಂದು ಅಡುಗೆಯವರು ಬೆಳಗ್ಗೆಯೇ ಕಲಸಿ ವ್ಯಾನಿನಲ್ಲಿಟ್ಟಿದ್ದರು. ಒಳಗೆ ಭಾಷಣಗಳು ಮುಗಿಯಲೊಲ್ಲವು, ಹೊರಗೆ ಹ್ಯೂಸ್ಟನ್ನಿನ ಬಿಸಿಲು. ಮರುದಿನ ಊರೆಲ್ಲ ಹೊಟ್ಟೆನೋವು.

ಮುಂದಿನ ಮೀಟಿಂಗಿನಲ್ಲಿ ಅಡುಗೆಯವರು ಭಾಷಣದವರನ್ನು ಬೈದರು, ಭಾಷಣದವರು ಅಡುಗೆಯವರನ್ನು. ಕೂಟ ಇನ್ನೇನು ಎರಡು ಹೋಳಾಗಬೇಕು, ಅಂಕಲ್ ಎದ್ದು ನಿಂತರು. “ಡಾಕ್ಟರಾಗಿ ನಾನ ಬಾಯಿಗೆ ಹಾಕ್ಕೊಂಡು ನೋಡಬೇಕಿತ್ತು. ತಪ್ಪು ನಂದರಿ.”

ಎಲ್ಲರ ಮುಖವೂ ಹಗುರಾಯಿತು, ಕಾಫಿ ಬಂತು. “ನೀವು ಹೇಳಿದ್ರಲ್ಲ ಅಂಕಲ್” ಎಂದು ನಾನು ಪಿಸುಗುಟ್ಟಿದರೆ, ಸುಮ್ಮನಿರು ಎಂಬಂತೆ ನನ್ನ ಮೊಣಕಾಲು ಒತ್ತಿದರು. ನನಗೆ ಅವರ ಮೇಲೆಯೇ ಸಿಟ್ಟು ಬಂದಿತ್ತು.

ಕೂಟ ಉಳಿಯಿತು. ಅವರಿಗೆ ಮಾತ್ರ ಕರೆ ಬರುವುದು ನಿಂತಿತು. ಜನ ಕೆಟ್ಟವರೇನಲ್ಲ, ಅವರನ್ನು ಕಂಡರೆ ಆ ಜಗಳ ನೆನಪಾಗುತ್ತಿತ್ತು, ಅಷ್ಟೇ. ದೀಪಾವಳಿ ಕಾರ್ಯಕ್ರಮದ ದಿನ ನಾನು ಅವರ ಮನೆಗೆ ಹೋಗಿ ನೋಡಿದರೆ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಮುಂದಿನ ಕೋಣೆಯಲ್ಲಿ ಕೂತಿದ್ದರು. ಎದುರಿಗೆ ಫೋನಿತ್ತು. ಬನ್ನಿ ಹೋಗೋಣವೆಂದರೆ, “ಕರೀದ ಹೆಂಗ ಬರಲಿ?” ಎಂದರು.

ಕಡೆಗೆ ಡಾಲಸ್ ಹತ್ತಿರದ ಸೌತ್‌ಲೇಕಿನಲ್ಲಿದ್ದ ಅವರ ಮಗಳು ತಂದೆಯನ್ನು ಕರೆಸಿಕೊಂಡಳು. ನಾನೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟೆ. ಡಾಲಸ್ ಮುಟ್ಟುವವರೆಗೂ ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. ಬಾಗಿಲಲ್ಲಿ ನಮಸ್ಕಾರ ಮಾಡಿದೆ. ಅದೇ ಒಂದು ಕೈ.

“ಹೋತ ಬಿಟ್ಟು ಬಂದಾಂವ ಬಟ್ಟಿ ಒಗಕೊಂಡು, ಜಳಕಾ ಮಾಡೇ ಊರೊಳಗ ಹೋಗಬೇಕಿತ್ತು. ನೆನಪಿಡು,” ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಕಾರು ಹತ್ತುವಾಗ ಹತ್ತಿರ ಬಂದು, “ರಾಮನವಮಿಗೆ ಯಾರರ ನನ್ನ ಕೇಳಿದ್ರ ಒಂದು ಫೋನ್ ಹಚ್ಚು,” ಎಂದರು.

ರಾಮನವಮಿಗೆ ಯಾರೂ ಕೇಳಲಿಲ್ಲ. ನಾನು ಸಭಾಂಗಣದ ಹೊರಗೆ ಬಂದು ಫೋನ್ ಮಾಡಿದೆ. ಆ ಬೇಸಿಗೆಯಲ್ಲೇ ಅವರು ತೀರಿಕೊಂಡರು. ಹಾಗಾಗಿ ಅದೇ ನಮ್ಮ ಕಡೆಯ ಮಾತು.

“ಎಲ್ರೂ ನಿಮ್ಮನ್ನ ಕೇಳ್ತಿದ್ರು ಅಂಕಲ್.”

“ಹೌದೇನು?” ದನಿ ಅರಳಿತು. “ಯಾರ್ಯಾರಪಾ?”

ಒಂದು ಹೆಸರೂ ಬಾಯಿಗೆ ಬರಲಿಲ್ಲ. ಒಳಗಿನ ನಗು, ತಟ್ಟೆಗಳ ಸದ್ದು ಅವರಿಗೂ ಕೇಳಿಸುತ್ತಿದ್ದಿರಬೇಕು. ಕೊನೆಗೆ ಅವರೇ ನನ್ನನ್ನು ಪಾರು ಮಾಡಿದರು.

“ಇರ್ಲಿ ಬಿಡು. ಕೊಬ್ಬರಿ ಕಡೀಗೆ ಹಾಕಿದ್ರೇನು?”

“ಹಾಕಿದ್ರು ಅಂಕಲ್. ಬಡಿಸೋ ಹೊತ್ತಿಗೆ.”

“ಹಂಗಾರ ಛಲೋ ಆತು,” ಎಂದರು.