ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಅಕ್ಕನ ದುಡ್ಡೂ ಎಲ್ಲಿಗೂ ಓಡಿಹೋಗಿರಲಿಲ್ಲ, ಅಕ್ಕನೂ ಓಡಿಹೋಗಿರಲಿಲ್ಲ. ಆದರೂ ಬಸವಕಲ್ಯಾಣದ ಆ ಪತ್ತಿನ ಸೊಸೈಟಿಯ ಮ್ಯಾನೇಜರ್ ನನ್ನೆದುರು ಕೂತು, "ಪತ್ತೆ ಇಲ್ಲದವರ ಪೈಕಿ ಆಕಿ ಹೆಸರು ಅದರಿ ಬಾಯಿ" ಎಂದ. ಪತ್ತೆ ಇಲ್ಲದವಳು ನನ್ನ ಪಕ್ಕದ ಕುರ್ಚಿಯಲ್ಲೇ ಸೆರಗು ಹಿಡಿದುಕೊಂಡು ಕೂತಿದ್ದಳು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಮದುವೆಗೆ ಮುಂಚೆ ಅಕ್ಕ ನಮ್ಮ ಓಣಿಯ ಹೆಂಗಸರಿಗೆಲ್ಲ ಜಂಪರ್ ಹೊಲಿದು ಕೊಡುತ್ತಿದ್ದಳು. ಸಂಜೆಯಾದರೆ ಸೊಸೈಟಿಯ ಪಿಗ್ಮಿ ಏಜೆಂಟ್ ಸೈಕಲ್ ಬೆಲ್ ಬಾರಿಸುತ್ತ ಬಾಗಿಲಿಗೆ ಬರುವನು. ಅವತ್ತಿನ ದುಡಿಮೆಯಲ್ಲಿ ಒಂದಿಷ್ಟು ಅವನ ಕೈಗೆ. ಅಕ್ಕ ಜ್ವರ ಬಂದು ಮಲಗಿದರೂ ಅವನು ಬಿಡುತ್ತಿರಲಿಲ್ಲ. ಅಕ್ಕ ಒಮ್ಮೆ ಮಂಠಾಳದ ಚಿಗವ್ವನ ಮನೆಗೆ ಹೋಗಿದ್ದಾಗ ಅಲ್ಲಿಗೂ ಬಂದು ನಿಂತಿದ್ದ ಪುಣ್ಯಾತ್ಮ! ಮದುವೆ ಗೊತ್ತಾದಾಗ ಅಕ್ಕ ಕೂಡಿದ್ದನ್ನೆಲ್ಲ ಅಲ್ಲೇ ಮುದ್ದತಿ ಠೇವಣಿ ಇಟ್ಟು, ರಸೀದಿಯನ್ನು ಟ್ರಂಕಿನ ತಳಕ್ಕೆ ಹಾಕಿಕೊಂಡು ಹುಮನಾಬಾದಿಗೆ ಹೋದಳು. "ಬಿದ್ದಾಗ ಏಳಾಕ ಒಂದ್ ಕೋಲು ಬೇಕಲ್ಲ ತಂಗಿ" ಎಂದು ನನಗೊಬ್ಬಳಿಗೇ ಹೇಳಿದ್ದಳು. ಅತ್ತೆಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆ ಸೊಸೆ ಮನೆ ತುಂಬಿದ ದಿನವೇ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಗಂಡನಾದವನು ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ, ಎಲ್ಲರ ಬಾಯಿಗೂ ಸಕ್ಕರೆ ಬೀಳುತ್ತದೆ. ಹೆತ್ತವ್ವ ಇಟ್ಟ ಹೆಸರು ಅಲ್ಲಿಗೆ ಮುಗಿಯಿತು. ಅದನ್ನು ಮತ್ತೆ ಉಚ್ಚರಿಸಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಕ್ಕನ ಅತ್ತೆ ಗಟ್ಟಿಯಾಗಿ ನಂಬಿದ್ದಳು. ನಾನು ಒಮ್ಮೆ ಬಾಯಿತಪ್ಪಿ ಅಕ್ಕನನ್ನು ಹಾಗೆ ಕರೆದಾಗ, ಮುದುಕಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ರೇಷನ್ ಕಾರ್ಡಿಗೂ ಹೊಸ ಹೆಸರೇ ಹತ್ತಿತು.

ಅಕ್ಕನ ಮಗಳು ಪಿಯುಸಿ ಪಾಸಾಗಿ, ಟೀಚರ್ ಆಗುತ್ತೇನೆಂದು ಹಠ ಹಿಡಿದಾಗ ಆ ರಸೀದಿ ಹೊರಗೆ ಬಂತು. ಡಿ.ಎಡ್. ಸೀಟು ಸಿಕ್ಕಿತ್ತು. ಅಜ್ಜಿ, ಅಂದರೆ ಅಕ್ಕನ ಅತ್ತೆ, ಮಾತ್ರ ದುಬಲಗುಂಡಿಯಲ್ಲಿ ವರ ನೋಡಿಟ್ಟು, "ಫೀಸು ಕಟ್ಟಾಕ ರೊಕ್ಕ ಎಲ್ಲದ? ಲಗ್ನ ಮಾಡಿ ಮುಗಿಸ್ರಿ" ಎಂದು ಜಪ ಹಿಡಿದಿದ್ದಳು. ಭಾವ ಲಾರಿ ಡ್ರೈವರು, ಆಗ ಗುಜರಾತಿನ ಕಡೆ ಎಲ್ಲೋ ಇದ್ದ. ಆ ವಾರದೊಳಗೆ ಫೀಸು ಕಟ್ಟದಿದ್ದರೆ ಸೀಟು ಹೋಗಿ ಹುಡುಗಿಯ ಹಣೆಗೆ ಬಾಸಿಂಗ ಬೀಳುವುದು ಖಾತ್ರಿ. ಅಕ್ಕ ರಸೀದಿ ಹಿಡಿದು ಬಸ್ಸು ಹತ್ತಿ ನನ್ನ ಬಳಿ ಬಂದಳು. ಇಬ್ಬರೂ ಕೂಡಿಯೇ ಸೊಸೈಟಿಗೆ ಹೋಗಿದ್ದೆವು.

"ಮುದ್ದತು ಮುಗಿದ ಮ್ಯಾಲ ನಾವು ಹುಡುಕೀವ್ರಿ" ಎಂದ ಮ್ಯಾನೇಜರ್. "ಆಕಿ ಬರೆಸಿದ್ದ ಹುಮನಾಬಾದಿನ ವಿಳಾಸಕ್ಕ ನಮ್ಮ ಮನುಷ್ಯಾನ್ನ ಕಳಿಸಿದ್ವಿ. ಮನೀ ಬಾಗಿಲಿಗೇ ಹೋಗಿ ಕೇಳ್ಯಾನ. 'ಆ ಹೆಸರಿನವರು ಇಲ್ಲಿ ಯಾರೂ ಇಲ್ಲ' ಅಂತ ಆ ಮನೀ ಹಿರಿ ಹೆಣ್ಮಗಳೇ ಹೇಳ್ಯಾಳ."

ಅಕ್ಕ ತಲೆ ಎತ್ತಲಿಲ್ಲ. "ಹೌದ ತಂಗಿ. ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ. ಕೇಳಿಸ್ತು."

"ಕೇಳಿಸ್ತಾ? ಮತ್ತ ಹೊರಗ ಯಾಕ ಬರಲಿಲ್ಲ?"

"ಅತ್ತಿ ಇಲ್ಲ ಅಂದ ಮ್ಯಾಲ ನಾ ಇದ್ದೇನಿ ಅಂತ ಹ್ಯಾಂಗ ಅನ್ನಲಿ?"

ಅಯ್ಯೋ ನನ್ನ ಕರ್ಮವೇ! ಅಕ್ಕನಿಗೆ ಏನೂ ಅನ್ನಲಾಗದೆ ನಾನು ಮ್ಯಾನೇಜರನ ಮೇಲೆ ಹರಿಹಾಯ್ದೆ. ಕಾರಣವೂ ಇತ್ತು. ನಮ್ಮಣ್ಣ ಟಂಟಂ ಗಾಡಿಯ ಸಾಲದ ಒಂದು ಕಂತು ತಪ್ಪಿಸಿದಾಗ, ಇದೇ ಸೊಸೈಟಿಯ ವಸೂಲಿಯವರು ಹುಲಸೂರಿನ ಬೀಗರ ಮದುವೆ ಹಂದರಕ್ಕೇ ಬಂದಿದ್ದರು. ಪಂಕ್ತಿಯಲ್ಲಿ ಕೂತು, ಹುಗ್ಗಿ ಹಾಕಿಸಿಕೊಂಡು ಉಂಡು, ಕೈ ತೊಳೆದ ಮೇಲೆ ಅಣ್ಣನ ಕಾಲರ್ ಹಿಡಿದಿದ್ದರು.

"ಸಾಲ ತಗೊಂಡವನ ವಾಸನಿ ನಿಮಗ ಹುಲಸೂರ ತನಕ ಬಡೀತದ, ಠೇವಣಿ ಇಟ್ಟಾಕಿ ಹೊಸ್ತಿಲದ ಒಳಗಿದ್ರೂ ಕಾಣಂಗಿಲ್ಲಾ?" ಎಂದೆ. "ಆ ಮನುಷ್ಯಾ 'ಕಲ್ಯಾಣದಿಂದ ಬಂದ ಸೊಸಿ ಯಾರ್ರಿ' ಅಂತ ಒಂದ್ ಮಾತು ಕೇಳಿದ್ರ ಓಣಿ ಕೂಸು ಸುದ್ದಾ ಕೈ ಮಾಡಿ ತೋರಿಸ್ತಿತ್ತು. ನಮ್ಮವ್ವ ಇಲ್ಲೇ, ನಿಮ್ಮ ಹಿಂದಿನ ಓಣ್ಯಾಗೇ ಇದ್ದಾಳ. ಆಕಿನ್ನ ಕೇಳಾಕ ನಿಮಗ ಬಾಯಿ ಸವೀತಿತ್ತೇನು?"

ಹಣ ಮರಳಿಸುವ ಮನಸ್ಸಿದ್ದವನಿಗೆ ಇದಕ್ಕಿಂತ ದೊಡ್ಡ ಪತ್ತೇದಾರಿಕೆ ಬೇಕಿರಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಇವರು ಅಲೆಯಲೂ ಇಲ್ಲ.

"ಸಿಟ್ಟ ಮಾಡಬ್ಯಾಡ್ರಿ ಬಾಯಿ" ಎಂದ ಅವನು. "ರಸೀದ್ಯಾಗಿನ ಹೆಸರು, ರೇಷನ್ ಕಾರ್ಡಿನ ಹೆಸರು ಎರಡೂ ಇವರದೇ ಅಂತ ಗಂಡನ ಮನೀ ಹಿರೇರು ಬಂದು ನಮ್ಮೆದುರಿಗೆ ಹೇಳಲಿ. ಅವತ್ತೇ ರೊಕ್ಕ ಕೊಡ್ತೇವಿ. ತವರಿನವರ ಮಾತು ನಡಿಯಂಗಿಲ್ಲ."

ಗಂಡನ ಮನೆಯ ಹಿರಿಯರೆಂದರೆ ಅದೇ ಅತ್ತೆ. ಅಕ್ಕನ ಹಿಂದೆ ನಾನೂ ಹುಮನಾಬಾದಿಗೆ ಹೋದೆ. ವಿಷಯ ಕೇಳಿ ಮುದುಕಿ ಕೆಂಡವಾದಳು. ಠೇವಣಿ ಮುಚ್ಚಿಟ್ಟದ್ದು ಒಂದು ತಪ್ಪು, ಹಳೆಯ ಹೆಸರು ಹೇಳು ಎನ್ನುವುದು ಇನ್ನೊಂದು. "ನನ್ನ ಮಗ ರಾತ್ರಿ ಹಗಲು ಗಾಡಿ ಹೊಡಿಯಾಕತ್ತಾನ. ಅವನ ಜೀವಕ್ಕ ಕುತ್ತು ತರೂ ಮಾತು ನನ್ನ ಬಾಯಿಂದ ಬರಂಗಿಲ್ಲ" ಎಂದಳು. ನಾನು ಕೂಗಾಡಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಗೋಡೆಗೆ ಹೇಳಿದಂತಾಯಿತು.

ಮರುದಿನ ಬೆಳಿಗ್ಗೆ ಮುದುಕಿ ಎಂದಿನಂತೆ ಹೊಸ ಹೆಸರು ಹಿಡಿದು ಚಹಾಕ್ಕೆ ಕೂಗಿದಳು. ಒಲೆಯ ಮುಂದೆ ಕೂತಿದ್ದ ಅಕ್ಕ ತಿರುಗಿ ನೋಡಲಿಲ್ಲ. ಮತ್ತೆ ಕೂಗಿದಳು. ಕೊನೆಗೆ ಓಣಿಗೆಲ್ಲ ಕೇಳುವಂತೆ ಒದರಿದಳು. ಆಗ ಅಕ್ಕ ಎದ್ದು ಬಾಗಿಲಿಗೆ ಬಂದು, ದನಿ ಒಂಚೂರೂ ಏರಿಸದೆ, "ಆ ಹೆಸರಿನವರು ಇಲ್ಲಿ ಯಾರೂ ಇಲ್ಲರಿ ಅತ್ತಿ" ಎಂದು ಒಳಗೆ ಹೋದಳು.

ನನ್ನ ಬಾಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಅಕ್ಕ ಚಹಾ ಕೊಟ್ಟಳು, ಸ್ನಾನಕ್ಕೆ ನೀರು ಕಾಯಿಸಿಟ್ಟಳು, ಮುದುಕಿಯ ಕಾಲು ಒತ್ತಿದಳು. ಕೆಲಸ ಯಾವುದನ್ನೂ ಬಿಡಲಿಲ್ಲ, ಆ ಹೆಸರಿಗೆ ಮಾತ್ರ ಓಗೊಡಲಿಲ್ಲ. ಮುದುಕಿ "ಏ", "ಏ ಇಕಿ" ಎಂದೆಲ್ಲ ಕೂಗಿ ಸೋತಳು. ಪಕ್ಕದ ಮನೆಯವರು ಇಣುಕಿ ನಗತೊಡಗಿದರು. ಮೊಮ್ಮಗಳು ಅಜ್ಜಿಯ ಎದುರು ಬಂದು, "ಆಯಿ, ಫೀಸಿಗೆ ನಾಳಿಗೇ ಕಡೀ ದಿನ" ಎಂದಷ್ಟೇ ಹೇಳಿ ಮೂಲೆಗೆ ಕೂತು ಅತ್ತಳು. ಮರುದಿನ ಬೆಳಿಗ್ಗೆ ಮುದುಕಿ ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ಬಸ್ಸು ಹೋಗತದ" ಎಂದಳು. ಹುಡುಗಿಯನ್ನೂ ಕರೆದುಕೊಂಡು ಹೊರಟೆವು.

ಸೊಸೈಟಿಯಲ್ಲಿ ಮ್ಯಾನೇಜರ್ ಅಕ್ಕನನ್ನು ತೋರಿಸಿ, "ಇವರು ಯಾರ್ರಿ?" ಎಂದು ಕೇಳಿದ.

"ನನ್ನ ಸೊಸಿ." ಮುದುಕಿ ಹೊಸ ಹೆಸರು ಹೇಳಿದಳು.

"ತವರಿನ ಹೆಸರು?"

ಮುದುಕಿ ಕಣ್ಣು ಮುಚ್ಚಿ, ಮಗನ ಸಲುವಾಗಿ ದೇವರಿಗೆ ಕೈ ಮುಗಿದಳು. "ಅವತ್ತ ನಿಮ್ಮ ಮನುಷ್ಯಾ ಬಂದಾಗ ಈಕಿ ಒಳಗೇ ಇದ್ದಳ್ರಿ. ಇಲ್ಲ ಅಂದಾಕಿ ನಾನೇ" ಎಂದಳು. ಆಮೇಲೆ ನಮ್ಮವ್ವ ಇಟ್ಟ ಹೆಸರನ್ನು, ಪೂರ್ತಿಯಾಗಿ, ಗಟ್ಟಿಯಾಗಿ ಹೇಳಿದಳು.

ನೆಲ ನೋಡುತ್ತ ಕೂತಿದ್ದ ಅಕ್ಕ ಥಟ್ಟನೆ ತಲೆ ಎತ್ತಿ, "ಓ ಅತ್ತಿ" ಎಂದಳು.

ಮ್ಯಾನೇಜರ್ ಹಲ್ಲು ಕಿರಿಯುತ್ತ ರಸೀದಿಗೆ ಸಿಕ್ಕಾ ಒತ್ತಿ, "ಅಂತೂ ಪತ್ತೆ ಆದ್ರು ನೋಡ್ರಿ" ಎಂದ. ನನ್ನ ಪಿತ್ತ ಮತ್ತೆ ನೆತ್ತಿಗೇರಿತು.

"ನೀವೇನ್ ಪತ್ತೆ ಹಚ್ಚಿದ್ರಿ, ಮಣ್ಣು! ಆಕಿ ತಾನೇ ಸಿಕ್ಕಾಳ" ಎಂದು ಅವನ ಕೈಯಿಂದ ಹಣ ತೆಗೆದುಕೊಂಡು ಹುಡುಗಿಯ ಕೈಗಿಟ್ಟು, ಫೀಸು ಕಟ್ಟಿ ಬಾ ಎಂದು ಕಾಲೇಜಿಗೆ ಓಡಿಸಿದೆ.