ಬೇಗ ಗೊತ್ತಾದ ಕಾಯಿಲೆ

ಚೆನ್ನೈನ ಕೋಡಂಬಾಕ್ಕಂನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಉಡುಪಿ ಕಡೆಯ ಡಾಕ್ಟರಮ್ಮ ಎಳೆಗೂಸು ಕಂಡರೆ ಮೊದಲು ಅಂಗಾಲಿಗೆ ಕಚಗುಳಿ ಇಟ್ಟು, ಕಾಲು ಒದೆಯುತ್ತದೋ ಎಂದು ನೋಡುತ್ತಿದ್ದರು. ಸ್ನಾಯುಗಳು ಸೋಲುವ ಕಾಯಿಲೆಯನ್ನು ಹುಟ್ಟಿದ ಮಕ್ಕಳ ರಕ್ತದಲ್ಲೇ ಪತ್ತೆಹಚ್ಚುವುದು ಅವರ ಸಂಶೋಧನೆ. "ಬೇಗ ಗೊತ್ತಾಗ್ಬೇಕು ಮಾರಾಯ್ತಿ, ಬೇಗ ಗೊತ್ತಾದ್ರೆ ಅರ್ಧ ಗೆದ್ದ ಹಾಗೆ" ಎನ್ನುತ್ತಿದ್ದರು.

ನನ್ನ ತಂಗಿ ಬಾಣಂತನಕ್ಕೆ ಬಂದಾಗ ಅವರೇ ಒತ್ತಾಯಿಸಿ ಮಗುವಿನ ರಕ್ತ ಪರೀಕ್ಷೆ ಮಾಡಿಸಿದರು. ಕಾಯಿಲೆ ಇತ್ತು. ಮಗು ಆಗಿನ್ನೂ ಚೆನ್ನಾಗಿಯೇ ಕೈಕಾಲು ಆಡಿಸುತ್ತಿತ್ತು.

"ಹೆದರ್ಬೇಡಿ, ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸ್ತೇನೆ" ಎಂದರು. ಸೇರಿಸುವ ಮುಂಚೆಯೇ ಔಷಧಿ ಕಂಪನಿ ಲಾಭವಿಲ್ಲವೆಂದು ಆ ಪ್ರಯೋಗವನ್ನು ನಿಲ್ಲಿಸಿತು.

ಅದನ್ನು ಹೇಳಲು ಅವರು ಕೆಳಗಿಳಿದು ಬಂದಾಗ ತಂಗಿ ಹಾಲು ಕುಡಿಸುತ್ತಿದ್ದಳು. "ಹಾಗಾದ್ರೆ ನನಗ್ಯಾಕೆ ಹೇಳಿದ್ರಿ ಡಾಕ್ಟ್ರೇ? ಗೊತ್ತಿಲ್ದೆ ಇದ್ದಿದ್ರೆ ಇವನ ಜೊತೆ ಒಂದಷ್ಟು ದಿನ ನಗ್ತಿದ್ದೆ" ಎಂದಳು. ಡಾಕ್ಟರಮ್ಮ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತರು.

ವರ್ಷ ತುಂಬುವ ಮೊದಲೇ ಮಗು ಹೋಯಿತು. ಕೆಲಕಾಲದ ಮೇಲೆ ಅವರ ಪರೀಕ್ಷೆಗೆ ಪ್ರಶಸ್ತಿ ಬಂತೆಂದು ಕೇಳಿ, ಮೆಟ್ಟಿಲ ಬಳಿ ಸಿಕ್ಕಾಗ ಬಾಯಿಮಾತಿಗೆ ಅಭಿನಂದಿಸಿದೆ. ಅವರು ಹತ್ತಿದ್ದ ಎರಡು ಮೆಟ್ಟಿಲನ್ನು ಮತ್ತೆ ಇಳಿದು ಬಂದರು.

"ಪರೀಕ್ಷೆಯ ಯಶಸ್ಸು ಅಂತ ಪ್ರಶಸ್ತಿಯವರು ಎಣಿಸಿದ ಮಕ್ಕಳಲ್ಲಿ ನಿಮ್ಮ ತಂಗಿಯ ಮಗುವೂ ಉಂಟು" ಎಂದರು. "ಕಾಯಿಲೆ ಸರಿಯಾಗಿ ಹಿಡಿದಿದ್ದೆವಲ್ಲ."